ಇನ್ನೂ ನಾಲ್ಕು ನಿಮಿಷ

ಮೊದಲ ವರ್ಷ ಹೀಗೆ:
ಬಿಸಿಯೂಟದ ಅಕ್ಕಿಚೀಲ ಬಿಚ್ಚಿ ಹೊಲಿದ ಪರದೆ ಕಿಟಕಿಗೆ,
ಎರಡು ಹಳೇ ಹಾಜರಿ ಪುಸ್ತಕದ ಮೇಲೆ ಪ್ರೊಜೆಕ್ಟರ್.
ಒತ್ತಿದೆ, ಓಡಿತು, ಒಂದಾದ ಮೇಲೊಂದು.
ನಾನು ಹಿಂದಿನ ಬೆಂಚಿಗೆ ಹೋಗಿ
ಮೊಬೈಲ್ ಟಾರ್ಚಿನಲ್ಲಿ ಕಿರುಪರೀಕ್ಷೆ ತಿದ್ದಿದೆ.
ನಲವತ್ತೊಂದು ತಲೆ, ಒಂದೂ ಕಮಕ್ ಕಿಮಕ್ ಅನ್ನಲಿಲ್ಲ.
ಆಹಾ, ಕಲಿಯುತ್ತಿದ್ದಾರೆ ಅಂದುಕೊಂಡೆ.
ಸೂಜಿ ಬಿದ್ದರೂ ಕೇಳುವಂಥ ಮೌನಕ್ಕೆ
ಟೀಚರು ಮರುಳಾಗುವುದು ಬಲು ಬೇಗ.

ಪರೀಕ್ಷೆಯಲ್ಲಿ ಕೇಳಿದೆ: ಅದಿರು ಕಬ್ಬಿಣವಾಗುವುದು ಹೇಗೆ?
ಮುಬಾರಕ್ ಬರೆದಿದ್ದ: 'ಮ್ಯೂಸಿಕ್ ಚೆನ್ನಾಗಿತ್ತು.'
ಪ್ರಾಮಾಣಿಕತೆಗೆ ಅರ್ಧ ಅಂಕ ಕೊಟ್ಟು
ಸೊನ್ನೆಯನ್ನು ನಾನೇ ಇಟ್ಟುಕೊಂಡೆ.

ಅದೇ ಮಕ್ಕಳು ಎಂಟಕ್ಕೆ ಬಂದರು, ಕಬ್ಬಿಣವೂ ಬಂತು ಜೊತೆಗೆ.
ಈ ಸಲ ಮನೆಯಲ್ಲೇ ಮೂರು ಬಾರಿ ನೋಡಿದೆ,
ನೋಡುತ್ತ ಒಮ್ಮೆ ಹಾಲು ಉಕ್ಕಿಸಿದೆ.
ಎಲ್ಲಿ ನಿಲ್ಲಿಸಬೇಕೆಂದು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ:
ನಲವತ್ತನೆಯ ಸೆಕೆಂಡು. ಎರಡು ನಿಮಿಷ ಹತ್ತು.
ಬೋರ್ಡಿನ ಮೇಲೆ ಮುಂಚೆಯೇ ಒಂದು ಪ್ರಶ್ನೆ,
ದನಿ ಪೂರ್ತಿ ಬಂದ್.

ಊದುಕುಲುಮೆಯ ಬಾಯಿ ತೆರೆಯಿತು.
ಯಾವ ದೇಶವೋ, ಬೆಳ್ಳಿ ಬಣ್ಣದ ಅಂಗಿಯವರು,
ಕರಗಿದ ಕಬ್ಬಿಣ ಕಾಲುವೆಗೆ ಇಳಿಯುತ್ತಿರುವಾಗ
ನಿಲ್ಲಿಸಿದೆ.
ಹರಿಯುವುದು ಹರಿಯುತ್ತಲೇ ನಿಂತಿತು.
ಒಬ್ಬ ಎತ್ತಿದ ಕಾಲು ಹಾಗೇ ಉಳಿಯಿತು.
'ಈಗ ಏನಾಗುತ್ತೆ?'

ಕಿಟಕಿ ಬದಿಯ ಅಮುದಾ,
ಜೂನಿನಿಂದ ಹಾಜರಿಗೆ ಬಿಟ್ಟು ಬಾಯಿ ತೆರೆಯದವಳು,
ಎದ್ದು ನಿಂತಳು.
'ಮಿಸ್, ಕಿಟ್ಟ ಮೇಲೆ ತೇಲುತ್ತೆ. ಅದನ್ನ ಬೇರೆ ದಾರೀಲಿ ಬಿಡ್ತಾರೆ.
ಹಾಲಿನ ಕೆನೆ ಥರ. ಆದ್ರೆ ಕೆನೆ ಅಲ್ಲ, ಕಸ.'
ಯಾರು ಹೇಳಿದ್ದು?
'ತಾತ. ಮೂವತ್ತೊಂದು ವರ್ಷ ಅಲ್ಲೇ'
ಎಂದು ಕೈ ತೋರಿದಳು ಅಕ್ಕಿಚೀಲದ ಆಚೆ,
ಭದ್ರಾವತಿಯ ಹೊಗೆಯಿಲ್ಲದ ಚಿಮಣಿಯ ಕಡೆಗೆ.
ರಾತ್ರಿ ಕಿಟ್ಟ ಸುರಿದರೆ ಆಕಾಶ ಎಷ್ಟು ಕೆಂಪೆಂದರೆ
ಹೊಳೆಯಾಚೆ ಮದುವೆ ಚಪ್ಪರದವರು
ದೀಪ ಆರಿಸುತ್ತಿದ್ದರಂತೆ.
(ಅರ್ಧ ತಾತನ ಬಣ್ಣ ಇರಬಹುದು. ಇರಲಿ.)

'ಕಾವು ಸಾಕಾ ಅಂತ ನಿಮ್ ತಾತಂಗೆ ಹೆಂಗೆ ಗೊತ್ತಾಗ್ತಿತ್ತು?'
ಚಂದನ್ ಕೇಳಿದ್ದು ನನ್ನನ್ನಲ್ಲ, ಅವಳನ್ನು.
ಇದಕ್ಕೆ ನನ್ನ ಪಾಠಯೋಜನೆಯಲ್ಲಿ ಕಾಲಮ್ಮೇ ಇರಲಿಲ್ಲ.

ಮರುದಿನ ವೇಷ್ಟಿಯ ತುಂಡಿನಲ್ಲಿ ಸುತ್ತಿ ತಂದಳು
ಮರದ ಹಿಡಿ, ನೀಲಿ ಗಾಜು, ಒಂದು ಮೂಲೆ ಒಡೆದದ್ದು.
ತಂಗವೇಲು ತಾತ ಅದರೊಳಗಿಂದ ಕುಲುಮೆ ನೋಡಿ
ದೋಸೆಗೆ ಕಾವಲಿ ನೋಡುವವರ ಹಾಗೆ
'ಆಯಿತು' ಅಥವಾ 'ಇನ್ನೂ' ಅನ್ನುತ್ತಿದ್ದರಂತೆ.
ಮೀಟರು ಬಂದ ಮೇಲೂ ಸಾಹೇಬರು
ಒಮ್ಮೆ ಅವರ ಮುಖ ನೋಡುತ್ತಿದ್ದರಂತೆ.

ಗಾಜು ಕೈಯಿಂದ ಕೈಗೆ ಹೋಯಿತು.
ಗೋಡೆಯ ಬೆಂಕಿ ಆ ನೀಲಿಯಲ್ಲಿ ಬರೀ ಬೂದಿ.
'ಮಿಸ್, ಇದಕ್ಕೆ ಕಾವಿಲ್ಲ' ಎಂದ ಮುಬಾರಕ್
ಗೋಡೆಗೆ ಅಂಗೈ ಒತ್ತಿ.
ಅವನ ಬೆರಳುಗಳ ಮೇಲೆ ಕಬ್ಬಿಣ
ಹರಿಯದೆ ಹೊಳೆಯುತ್ತಿತ್ತು.
ಆ ಮಾತನ್ನು ಬೋರ್ಡಿನ ಮೇಲೆ ಬರೆದೆ, ಅವನ ಹೆಸರಿನ ಸಮೇತ.

ಶುಕ್ರವಾರ ಸಿ.ಆರ್.ಪಿ. ಹಾಲೇಶಪ್ಪನವರು ಬಂದು
ಎಷ್ಟು ವಿಡಿಯೋ ಮುಗಿದವು ಅಂದರು.
ಒಂದು, ಸಾರ್. ಅದೂ ಮುಗಿದಿಲ್ಲ.
ಷರಾ ಬರೆದರು: 'ತಂತ್ರಜ್ಞಾನ ಬಳಕೆ ಅಪೂರ್ಣ.'
ಚಹಾ ಕುಡಿದರು. ನೀಲಿ ಗಾಜಿನಲ್ಲಿ
ಷರಾವನ್ನೂ ಒಮ್ಮೆ ನೋಡಿ ನಕ್ಕರು.

ನಾಲ್ಕು ನಿಮಿಷ ಹನ್ನೆರಡು ಸೆಕೆಂಡು ಬಾಕಿ ಇದೆ.
ಬೆಳ್ಳಿ ಅಂಗಿಯವನ ಕಾಲು ಇನ್ನೂ ಗಾಳಿಯಲ್ಲಿ.
ಸೋಮವಾರ ತಾತ ಬರುತ್ತಾರಂತೆ:
ಮೆಟ್ಟಿಲಿಗೆ ಇಬ್ಬರು ಹುಡುಗರು ಬೇಕು,
ಕೈಯಿರುವ ಕುರ್ಚಿಯೊಂದು ಆಫೀಸಿನಿಂದ ತರಬೇಕು.
ಅವರು 'ಆಯಿತು' ಅಂದ ಮೇಲೆ
ಒತ್ತುತ್ತೇನೆ.